ಜಾತಿ ಅನ್ನೋದೇ ಹಳೇ ಫ್ರಾಂಚೈಸಿ, ನಾವು ಹೊಸದನ್ನ ಯಾಕ ಕೇಳಬಾರದು?



ಪೋಸ್ಟ್ ಸ್ವಲ್ಪ ಉದ್ದ ಆಗ್ತದ. ವ್ಯಾಪಾರದ ಸುದ್ದಿ, ನಮಗ್ಯಾಕ ಅಂತ ಮುಂದಕ ಸರಿಸಬ್ಯಾಡ್ರಿ. ಪೂರ್ತಿ ಓದ್ರಿ, ಬೈಯೋದಿದ್ರ ಆಮ್ಯಾಲ ಬೈರಿ.

ಹೋದ ವಾರ ನಮ್ಮ ಓಣಿಯ ಒಬ್ಬ ಹುಡುಗ ಮನೆಗೆ ಬಂದಿದ್ದ. ಬಿ.ಕಾಂ ಮುಗಿಸಿ ಬೆಂಗಳೂರಿನ ಒಂದು ಟಿಫಿನ್ ಅಂಗಡಿಯಲ್ಲಿ ಮೂರು ವರ್ಷ ದುಡಿದು ವಾಪಸ್ ಬಂದಾನ. ಕೈಯಲ್ಲಿ ಒಂದು ಅಗ್ರಿಮೆಂಟ್. ಇಪ್ಪತ್ತೆರಡು ಪುಟ, ಎಲ್ಲಾ ಇಂಗ್ಲಿಷ್.

"ಕಾಕಾ, ಹುಣಸಗಿಯಾಗ ಈ ಚಹಾ ಕಂಪನಿಯ ಫ್ರಾಂಚೈಸಿ ತಗೋಬೇಕಂತ ಮಾಡೀನಿ. ಅಪ್ಪ ಬ್ಯಾಡ ಅಂತಾನ. ಮಂದಿ ಬೋರ್ಡಿಗೆ ನಾವ್ಯಾಕ ರೊಕ್ಕ ಕೊಡಬೇಕು, ನಮ್ಮ ಹೆಸರಲ್ಲೇ ಅಂಗಡಿ ಹಾಕು ಅಂತಾನ. ನೀವೇನಂತೀರಿ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರ ಅವನ ದೊಡ್ಡಪ್ಪನ ಕಥೆ ನೆನಪಾತು. ಅಂವ ಇಪ್ಪತ್ತು ವರ್ಷದ ಹಿಂದ ರಸ್ತೆ ಮ್ಯಾಲ ಒಂದು ಚಹಾದಂಗಡಿ ಹಾಕಿದ್ದ. ಹೊಸ ಸ್ಟೋವ್, ಹೊಸ ಕಪ್ಪು-ಬಸಿ, ಗೋಡೆ ಮ್ಯಾಲ ಬಾಬಾಸಾಹೇಬರ ಫೋಟೋ. ಮೊದಲ ಎಂಟು ದಿನ ಚಲೋ ನಡೀತು. ಆಮ್ಯಾಲ ಯಾರೋ ಒಬ್ಬರು "ಅಂಗಡಿ ಯಾರದ್ದು?" ಅಂತ ಕೇಳಿದರು. ಅಷ್ಟೇ. ಯಾರೂ ಬಂದು ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಬರೋದು ಬಿಟ್ಟರು. ಮೂರು ತಿಂಗಳಿಗೆ ಬಾಗಿಲು ಹಾಕಿ ಗೋವಾಕ್ಕೆ ಗುಳೆ ಹೋದ. ಒಬ್ಬ ಗಿರಾಕಿ ನಮ್ಮ ಚಹಾ ಕುಡಿಯಲಿಲ್ಲ ಅಂತ ಯಾವ ಠಾಣೆಯಲ್ಲೂ ಅಟ್ರಾಸಿಟಿ ಕೇಸ್ ದಾಖಲಾಗಲ್ಲ.

ಇದು ನಮ್ಮ ಕೊಡೇಕಲ್ಲಿನ ಸಾಮಾನ್ಯ ಮನುಷ್ಯನ ಕಥೆ ಅಂತ ತಿಳೀಬ್ಯಾಡ್ರಿ. ಬಾಬಾಸಾಹೇಬರಿಗೇ ಹಿಂಗಾಗ್ಯದ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಂದ ಮನುಷ್ಯ, ಬರೋಡಾದ ನೌಕರಿ ಬಿಟ್ಟ ಮೇಲೆ ಬೊಂಬಾಯಿಯಲ್ಲಿ ಷೇರು-ಹೂಡಿಕೆ ಬಗ್ಗೆ ಸಲಹೆ ಕೊಡುವ ವ್ಯವಹಾರ ಶುರು ಮಾಡಿದ್ದರು. ಸಲಹೆ ಕೊಡುವವ ಅಸ್ಪೃಶ್ಯ ಅಂತ ಗೊತ್ತಾದ ಕೂಡಲೇ ಗಿರಾಕಿಗಳು ಬರೋದು ನಿಂತಿತು. ವ್ಯವಹಾರ ಮುಚ್ಚಿತು. ಅವರ ಜ್ಞಾನದಲ್ಲಿ ಕೊರತೆ ಇತ್ತಾ? ಇಡೀ ದೇಶದಲ್ಲಿ ಅವರಷ್ಟು ಓದಿದವರು ಎಷ್ಟು ಮಂದಿ ಇದ್ದರು? ಇದ್ದದ್ದು ಹೆಸರಿನ ಸಮಸ್ಯೆ.

ಹಿಂಗಾಗಿ ನನ್ನ ವಿಚಾರ ಹೆಸರಿನ ಮ್ಯಾಲೇ ಅದ.

ಫ್ರಾಂಚೈಸಿ ಅಂದ್ರ ಏನು? ಒಂದು ಕಂಪನಿ ತನ್ನ ಹೆಸರು, ಬೋರ್ಡು, ಮಾಲು, ಮಾಡುವ ವಿಧಾನ, ಕಲಿಸುವ ತರಬೇತಿ ಕೊಡ್ತದ. ಅದಕ್ಕ ಪ್ರತಿಯಾಗಿ ನಾವು ಮೊದಲು ಒಂದಿಷ್ಟು ಶುಲ್ಕ ಕಟ್ಟಬೇಕು, ಆಮ್ಯಾಲ ತಿಂಗಳಾ ತಿಂಗಳಾ ವ್ಯಾಪಾರದಲ್ಲಿ ಇಷ್ಟು ಪರ್ಸೆಂಟ್ ಅಂತ ರಾಯಲ್ಟಿ ಕೊಡಬೇಕು. ಬಂಡವಾಳ ನಮ್ಮದು, ದುಡಿಮೆ ನಮ್ಮದು, ಹೆಸರು ಅವರದು.

ಈಗ ಒಂದು ಮಾತು ಕೇಳ್ತೀನಿ. ಈ ದೇಶದಲ್ಲಿ ಜಾತಿ ಮಾಡಿದ್ದೂ ಇದೇ ಕೆಲಸ ಅಲ್ಲೇನು?

ನಮ್ಮ ಕಡಿ ಯಾವುದೇ ಊರಿನ ಬಸ್ ಸ್ಟ್ಯಾಂಡಿಗೆ ಹೋಗ್ರಿ, "ಲಿಂಗಾಯತ ಖಾನಾವಳಿ" ಅಂತ ಬೋರ್ಡು ಸಿಗ್ತದ. ಹಿಂದೆ ದಕ್ಷಿಣದ ಊರುಗಳಲ್ಲಿ "ಬ್ರಾಹ್ಮಣರ ಫಲಾಹಾರ ಮಂದಿರ" ಅಂತ ಇರ್ತಿತ್ತು. "ಉಡುಪಿ ಹೋಟೆಲ್" ಅನ್ನೋ ಎರಡು ಪದ ಬೊಂಬಾಯಿ, ಮದ್ರಾಸಿನ ತನಕ ನಡೀತು. 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದ ಕೆ. ಕೃಷ್ಣರಾಯರು ಅಡುಗೆಮನೆಯಲ್ಲಿ ಹಿಟ್ಟು ರುಬ್ಬುವ ಕೆಲಸದಿಂದ ಮೇಲೆ ಬಂದವರು. ಅವರ ದುಡಿಮೆಯನ್ನ ನಾನು ಹೀಗಳೆಯಲ್ಲ. ಆದ್ರ ಒಂದು ಸತ್ಯ ಹೇಳಲೇಬೇಕು. ಆ ಕಾಲಕ್ಕ ನಮ್ಮ ಕೇರಿಯ ಹುಡುಗನಿಗೆ ಆ ಅಡುಗೆಮನೆಯಲ್ಲಿ ಹಿಟ್ಟು ರುಬ್ಬಲಿಕ್ಕೂ ಬಿಡ್ತಿರಲಿಲ್ಲ. ಮೆಟ್ಟಿಲೇ ಇಲ್ಲದವನು ಮೇಲೆ ಹೋಗೋದು ಎಲ್ಲಿಂದ?

ಬೋರ್ಡಿನ ಮೇಲಿನ ಆ ಹೆಸರು ಗಿರಾಕಿ ತರ್ತದ. ಅದೇ ಹೆಸರಿಗೆ ಕಿರಾಣಿ ಹೋಲ್‌ಸೇಲ್ ಅಂಗಡಿಯವ ಉದ್ರಿ ಕೊಡ್ತಾನ. ಮಾವನ ಅಂಗಡಿಯಲ್ಲಿ ಎರಡು ವರ್ಷ ಗಲ್ಲಾಪೆಟ್ಟಿಗೆ ಮುಂದೆ ಕೂತು ಅಳಿಯ ಲೆಕ್ಕ ಕಲೀತಾನ. ಬಜಾರದಾಗ ಮಳಿಗೆ ಬಾಡಿಗೆಗೆ ಸಿಗ್ತದ. ಹೆಸರು, ಉದ್ರಿ, ತರಬೇತಿ, ಜಾಗ, ಈ ನಾಲ್ಕೂ ಹುಟ್ಟಿನಿಂದ ಪುಕ್ಕಟೆ ಸಿಕ್ಕವರು ಇದ್ದಾರ. ಅವರಿಗೆ ಅದು ಫ್ರಾಂಚೈಸಿ ಅಂತ ಅನ್ನಿಸೋದೇ ಇಲ್ಲ, ಯಾಕಂದ್ರ ಶುಲ್ಕ ಕಟ್ಟಿಲ್ಲ. ನಮಗೆ ಆ ನಾಲ್ಕರಲ್ಲಿ ಒಂದೂ ಸಿಗಲಿಲ್ಲ. ಅದಕ್ಕ ನಮ್ಮವರು ಫ್ರಾಂಚೈಸಿ ತಗೊಳ್ಳೋದು ಅಂದ್ರ, ಬೇರೆಯವರಿಗೆ ಪಿತ್ರಾರ್ಜಿತವಾಗಿ ಬಂದದ್ದನ್ನ ನಾವು ರೊಕ್ಕ ಕೊಟ್ಟು ತಗೊಳ್ಳೋದು. ಅನ್ಯಾಯ ಅದ, ಹೌದು. ಆದ್ರ ದಾರಿ ಅಂತೂ ಅದ.

ಇದರ ಲಾಭ ಕಣ್ಣಾರೆ ನೋಡೋದಿದ್ರ ದೂರ ಹೋಗಬ್ಯಾಡ್ರಿ.

ಗ್ರಾಮ ಒನ್ ಕೇಂದ್ರ ತಗೊಳ್ರಿ. 2022ರ ಜನವರಿ 26ರಂದು ರಾಜ್ಯ ಸರ್ಕಾರ ಇದನ್ನ ಹನ್ನೆರಡು ಜಿಲ್ಲೆಗಳ ಹಳ್ಳಿಗಳಿಗೆ ತಂದಿತು, ಆಮ್ಯಾಲ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಇದು ನಡೆಯೋದು ಫ್ರಾಂಚೈಸಿ ಮಾದರಿಯಲ್ಲೇ. ಬೋರ್ಡು ಸರ್ಕಾರದ್ದು, ಸಾಫ್ಟ್‌ವೇರ್ ಸರ್ಕಾರದ್ದು, ಅಂಗಡಿ-ಕಂಪ್ಯೂಟರ್ ನಡೆಸುವವನದು, ಸೇವೆಗೆ ಇಷ್ಟು ಅಂತ ಅವನಿಗೆ ಕಮಿಷನ್. ಒಬ್ಬ ದಲಿತ ಹುಡುಗ ಆ ಕೌಂಟರಿನಲ್ಲಿ ಕೂತಾನ ಅಂದ್ರ, ಗುಡಿಯೊಳಗ ನಮ್ಮನ್ನ ಬಿಡದ ಮನುಷ್ಯನೂ ಜಾತಿ-ಆದಾಯ ಪ್ರಮಾಣಪತ್ರಕ್ಕ ಅವನ ಮುಂದ ಸರದಿ ನಿಲ್ಲಬೇಕು. ಹುಡುಗನ ಮುಖ ನೋಡಿ ಬಂದವರಲ್ಲ ಅವರು, ಬೋರ್ಡು ನೋಡಿ ಬಂದವರು. ಆದ್ರ ರೊಕ್ಕ ಎಣಿಸಿ ಕೊಡೋದು ಹುಡುಗನ ಕೈಗೇ.

ನಂದಿನಿ ಹಾಲು ತಗೊಳ್ರಿ. ನಮ್ಮ ಮನೆಯ ಎಮ್ಮೆ ಕರೆದು ಚರಿಗೆಯಲ್ಲಿ ಒಯ್ದರ "ನಮ್ಮನ್ಯಾಗ ಹಾಲು ಅದಾವ" ಅಂತ ಕಳಿಸಿದವರನ್ನ ನಾನು ಬಲ್ಲೆ. ಅದೇ ಮಂದಿ ನಮ್ಮವನ ಪಾರ್ಲರಿನಿಂದ ನಂದಿನಿ ಪ್ಯಾಕೆಟ್ ತಗೊಂಡು ಹೋಗ್ತಾರ. ಹಾಲು ಅದೇ, ಕೈಯೂ ಅದೇ. ಮ್ಯಾಲಿನ ಹೆಸರು ಬ್ಯಾರೆ. ಇದಕ್ಕ ನಗಬೇಕೋ ಅಳಬೇಕೋ ನನಗ ಗೊತ್ತಿಲ್ಲ. ಆದ್ರ ನಮ್ಮ ಹುಡುಗನ ಮನೆಯ ಒಲೆ ಉರೀತದಲ್ಲ, ಅದು ಖರೆ.

ಜನೌಷಧಿ ಕೇಂದ್ರ ಅದ. ಮಾರುವ ಔಷಧಿಯ ಮೇಲೆ ಅಂಗಡಿಯವನಿಗೆ ಶೇಕಡಾ 20ರಷ್ಟು ಮಾರ್ಜಿನ್. ಎಲ್ಲರಿಗೂ ಇರುವ 5,000 ರೂಪಾಯಿ ಅರ್ಜಿ ಶುಲ್ಕ ಪರಿಶಿಷ್ಟರಿಗೆ ಇಲ್ಲ. ಫರ್ನಿಚರ್, ಕಂಪ್ಯೂಟರ್ ಅಂತ 2 ಲಕ್ಷದ ತನಕ ವಿಶೇಷ ನೆರವೂ ಇಟ್ಟಾರ. ಒಂದು ಶರತ್ತು ಅದ, ಡಿ.ಫಾರ್ಮಾ ಅಥವಾ ಬಿ.ಫಾರ್ಮಾ ಓದಿದವರು ಬೇಕು. ನಮ್ಮ ಹಾಸ್ಟೆಲ್‌ಗಳಲ್ಲಿ ಇದ್ದು ಫಾರ್ಮಸಿ ಓದಿದ ಮಕ್ಕಳು ಇವತ್ತು ಇನ್ನೊಬ್ಬರ ಮೆಡಿಕಲ್ ಶಾಪಿನಲ್ಲಿ ತಮ್ಮ ಸರ್ಟಿಫಿಕೇಟ್ ನೇತು ಹಾಕಿ ತಿಂಗಳಿಗೆ ಒಂದಿಷ್ಟು ತಗೊಂಡು ಸುಮ್ಮನಾಗ್ಯಾರ. ತಮ್ಮದೇ ಅಂಗಡಿ ಯಾಕ ಹಾಕಬಾರದು?

ಅಂಗಡಿ ಕೈಯಲ್ಲಿರೋದು ಬರೀ ಸಂಪಾದನೆಯ ಪ್ರಶ್ನೆ ಅಲ್ಲ ಅನ್ನೋದು ನಮ್ಮ ಕಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರಲ್ಲಿ ನಮ್ಮ ಹುಣಸಗಿ ತಾಲೂಕಿನದೇ ಒಂದು ಹಳ್ಳಿಯಲ್ಲಿ ದಲಿತರು ಪೊಲೀಸರಿಗೆ ದೂರು ಕೊಟ್ಟಿದ್ದಕ್ಕ ಬಹಿಷ್ಕಾರ ಹಾಕಿದ ಸುದ್ದಿ ರಾಜ್ಯದ ಎಲ್ಲಾ ಪತ್ರಿಕೆಗಳಲ್ಲಿ ಬಂತು. ಅಂಗಡಿಯಲ್ಲಿ ಸಾಮಾನು ಇಲ್ಲ, ಮಕ್ಕಳಿಗೆ ಪೆನ್ನು-ನೋಟ್‌ಬುಕ್ ಕೂಡ ಇಲ್ಲ. 2015ರ ತಿದ್ದುಪಡಿಯ ನಂತರ ಸಾಮಾಜಿಕ-ಆರ್ಥಿಕ ಬಹಿಷ್ಕಾರ ಅಟ್ರಾಸಿಟಿ ಕಾಯ್ದೆಯ ಅಡಿ ಅಪರಾಧ. ಕಾನೂನು ಅದ, ಹೋರಾಟ ಮಾಡಲೇಬೇಕು. ಆದ್ರ ವಿಚಾರ ಮಾಡ್ರಿ, ಬಹಿಷ್ಕಾರ ಹಾಕಲು ಅವರ ಕೈಯಲ್ಲಿದ್ದ ಆಯುಧ ಯಾವುದು? ಬಡಿಗೆ ಅಲ್ಲ, ಕೊಡಲಿ ಅಲ್ಲ. ಕಿರಾಣಿ ಅಂಗಡಿಯ ಬಾಗಿಲು. ಊರಿನ ನಾಲ್ಕು ಅಂಗಡಿಯಲ್ಲಿ ಒಂದು ನಮ್ಮದಿದ್ದರ, ಅದಕ್ಕ ಮಾಲು ಊರ ಗೌಡನ ಸಂಬಂಧಿಕನಿಂದ ಬರದೆ ಹೊರಗಿನ ಕಂಪನಿಯಿಂದ ನೇರವಾಗಿ ಬರ್ತಿದ್ದರ, ಆ ಮಕ್ಕಳಿಗೆ ಪೆನ್ನು ಸಿಗ್ತಿತ್ತು. ಮಾಲು ಹೊರಗಿಂದ ಬರೋದು ಫ್ರಾಂಚೈಸಿಯ ದೊಡ್ಡ ಲಾಭ. ಸ್ಥಳೀಯವಾಗಿ ನಮ್ಮ ಕುತ್ತಿಗೆ ಹಿಚುಕಲು ಬರಲ್ಲ.

ಬ್ಯಾಂಕಿನ ವಿಷಯದಲ್ಲೂ ಅಷ್ಟೇ. 2016ರ ಏಪ್ರಿಲ್ 5ರಂದು ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ ಬಂತು. ಪ್ರತಿ ಬ್ಯಾಂಕ್ ಶಾಖೆ ಕನಿಷ್ಠ ಒಬ್ಬ ಎಸ್‌ಸಿ ಅಥವಾ ಎಸ್‌ಟಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿ ತನಕ ಸಾಲ ಕೊಡಬೇಕು ಅಂತ ನಿಯಮ ಇತ್ತು. ನಮ್ಮಲ್ಲಿ ಎಷ್ಟು ಮಂದಿ ಹೋಗಿ ಕೇಳಿದ್ರು? ಕೇಳಿದವರಿಗೂ ಮ್ಯಾನೇಜರ್ ಹೇಳಿದ್ದು ಒಂದೇ ಮಾತು, "ಪ್ರಾಜೆಕ್ಟ್ ರಿಪೋರ್ಟ್ ತಗೊಂಡು ಬಾ." 2025ರ ಕೇಂದ್ರ ಬಜೆಟ್‌ನಲ್ಲಿ ಮೊದಲ ಸಲ ಉದ್ಯಮಕ್ಕೆ ಇಳಿಯುವ 5 ಲಕ್ಷ ಮಹಿಳೆಯರು, ಎಸ್‌ಸಿ, ಎಸ್‌ಟಿಗಳಿಗೆ ಐದು ವರ್ಷದಲ್ಲಿ 2 ಕೋಟಿ ತನಕ ಸಾಲ ಅಂತ ಹೊಸದಾಗಿ ಘೋಷಣೆ ಮಾಡಿದರು. ಅಲ್ಲೂ ಕೇಳೋದು ಅದೇ ರಿಪೋರ್ಟು. ಹೊಸ ಅಂಗಡಿಯವನ ಲೆಕ್ಕ ಅವನ ಬಾಯಲ್ಲಿ ಇರ್ತದ. ಫ್ರಾಂಚೈಸಿ ಆದ್ರ ಅದೇ ಕಂಪನಿಯ ಬೇರೆ ಊರಿನ ಅಂಗಡಿಗಳ ಖರ್ಚು-ವೆಚ್ಚ ಕಾಗದದ ಮ್ಯಾಲ ಸಿಗ್ತದ, ಬ್ಯಾಂಕಿನವರ ಮುಂದ ಇಡಬಹುದು.

ಇಷ್ಟು ಹೇಳಿ ಸುಮ್ಮನಾದ್ರ ನಾನೂ ಒಬ್ಬ ಕಂಪನಿ ಏಜೆಂಟ್ ಆಗ್ತೀನಿ. ಗಂಡಾಂತರಗಳೂ ಅದಾವ, ಕೇಳ್ರಿ.

ಮೊದಲನೇದು ಬೇನಾಮಿ. ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿಗಳಲ್ಲಿ ಪರಿಶಿಷ್ಟರಿಗೆ ಮೀಸಲು ಅದ. ಬಂಕಿಗಾದ್ರ ಕಾರ್ಪಸ್ ಫಂಡ್ ಅಂತ ಕಂಪನಿ ಕಡೆಯಿಂದ ಬಂಡವಾಳದ ನೆರವೂ ಅದ. ಆದ್ರ ಕಾಗದದಲ್ಲಿ ಮಾಲೀಕ ನಮ್ಮವ, ಗಲ್ಲಾದ ಮುಂದ ಕೂತವ ಇನ್ನೊಬ್ಬ. ನಮ್ಮವನಿಗೆ ತಿಂಗಳಿಗೆ ಹತ್ತೋ ಹದಿನೈದೋ ಸಾವಿರ ಕೊಟ್ಟು ಕೂಡಿಸ್ಯಾರ. ಹೆಸರು ಹೇಳಲ್ಲ, ಓದುವವರಿಗೆ ಗೊತ್ತಾಗ್ತದ. ನಾನು ಕಚೇರಿಯಲ್ಲಿ ಫೈಲು ನೋಡುವ ಗುಮಾಸ್ತ. ಅರ್ಜಿಗೆ ಸಹಿ ಮಾಡಲು ಬಂದ ನಮ್ಮ ಮನುಷ್ಯನ ಪಕ್ಕದಲ್ಲಿ ಪೆನ್ನು ಹಿಡಕೊಂಡು ನಿಂತವರನ್ನ ಎಷ್ಟೋ ಸಲ ನೋಡೀನಿ. ಅಣ್ಣಂದಿರೇ, ನಿಮ್ಮ ಜಾತಿ ಪ್ರಮಾಣಪತ್ರವನ್ನ ಬಾಡಿಗೆಗೆ ಕೊಡಬ್ಯಾಡ್ರಿ. ಆ ಕಾಗದದ ಹಿಂದ ಎಷ್ಟು ಮಂದಿಯ ಹೋರಾಟ ಅದ ಅಂತ ನಿಮಗ ಗೊತ್ತು. ಸಾಲ ಮುಳುಗಿದ ದಿನ ನೋಟಿಸ್ ಬರೋದು ಸಹಿ ಮಾಡಿದವನ ಮನೆಗೆ, ಗಲ್ಲಾದ ಮುಂದ ಕೂತವನ ಮನೆಗಲ್ಲ.

ಎರಡನೇದು ಅಗ್ರಿಮೆಂಟು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ ಕಾಯ್ದೆ ಇಂಥವುಗಳ ಕೆಳಗೇ ನಡೀತದ. ಅಂದ್ರ ಸಹಿ ಮಾಡಿದ ಕಾಗದದಲ್ಲಿ ಏನು ಬರೆದದೋ ಅದೇ ನಿಮ್ಮ ಕಾನೂನು. ಹುಡುಗ ತಂದ ಇಪ್ಪತ್ತೆರಡು ಪುಟವನ್ನ ನಾವಿಬ್ಬರೂ ಡಿಕ್ಷನರಿ ಇಟಗೊಂಡು ಎರಡು ರಾತ್ರಿ ಓದಿದಿವಿ. ರಾಯಲ್ಟಿ ಲೆಕ್ಕ ಲಾಭದ ಮ್ಯಾಲ ಅಲ್ಲ, ಒಟ್ಟು ವ್ಯಾಪಾರದ ಮ್ಯಾಲ. ಮಾಲೆಲ್ಲಾ ಕಂಪನಿಯಿಂದಲೇ, ಕಂಪನಿ ಹೇಳಿದ ರೇಟಿಗೇ. ಅದೇ ಊರಲ್ಲಿ ಇನ್ನೊಬ್ಬರಿಗೆ ಕೊಡಲ್ಲ ಅಂತ ಎಲ್ಲೂ ಬರೆದಿಲ್ಲ. ನಡುವೆ ಬಿಟ್ಟರ ಕಟ್ಟಿದ ಶುಲ್ಕ ವಾಪಸ್ ಇಲ್ಲ. ತಕರಾರು ಬಂದರ ದಿಲ್ಲಿಯಲ್ಲೇ ಪಂಚಾಯ್ತಿ. ಹುಣಸಗಿಯ ಚಹಾದಂಗಡಿಯವ ದಿಲ್ಲಿಗೆ ಹೋಗಿ ವಕೀಲರನ್ನ ಹಿಡೀಬೇಕು! ಇವನ್ನ ಬದಲಿಸ್ರಿ ಅಂತ ಕೇಳೋ ಹಕ್ಕು ನಮಗದ. ಬದಲಿಸಲಿಲ್ಲ ಅಂದ್ರ ಬಿಟ್ಟು ಬರೋ ಹಕ್ಕೂ ಅದ.

ಮೂರನೇದು ಲೆಕ್ಕ. ಬರೀ ಉದಾಹರಣೆಗೆ ಅಂತ ಹಿಡೀರಿ. ತಿಂಗಳಿಗೆ 2 ಲಕ್ಷ ವ್ಯಾಪಾರ. ಮಾಲಿಗೆ ಶೇಕಡಾ 55 ಅಂದ್ರ 1,10,000. ರಾಯಲ್ಟಿ ಶೇಕಡಾ 5, ಅಂದ್ರ 10,000. ಬಾಡಿಗೆ 15,000. ಇಬ್ಬರು ಆಳಿನ ಪಗಾರ 24,000. ಕರೆಂಟ್, ಗ್ಯಾಸ್, ಇತರೆ 11,000. ಒಟ್ಟು ಖರ್ಚು 1,70,000, ಉಳಿದದ್ದು 30,000. ಬ್ಯಾಂಕಿನ ಕಂತು 12,000 ಕಳೆದರ ಕೈಗೆ 18,000. ಈಗ ಅದೇ ವ್ಯಾಪಾರ ಒಂದೂವರೆ ಲಕ್ಷಕ್ಕೆ ಇಳೀತು ಅನ್ರಿ. ಮಾಲಿಗೆ 82,500, ರಾಯಲ್ಟಿ 7,500, ಉಳಿದ ಖರ್ಚು ಅಷ್ಟೇ. ಉಳಿಯೋದು 10,000, ಕಂತು 12,000. ಎರಡು ಸಾವಿರ ನಮ್ಮ ಕೈಯಿಂದಲೇ ಹೋಗ್ತದ, ಕಂಪನಿಗೆ ಮಾತ್ರ ಆಗಲೂ ಏಳೂವರೆ ಸಾವಿರ ಹೋಗ್ತದ! ನಮ್ಮ ಕಡಿ ಕಾಲುವೆಗೆ ನೀರು ಬಿಡದ ವರ್ಷ ಬಜಾರದಲ್ಲಿ ರೊಕ್ಕ ಇರಲ್ಲ. ಬೆಂಗಳೂರಿನ ಲೆಕ್ಕ ಹುಣಸಗಿಗೆ ಹೊಂದಲ್ಲ. ಆ ಕೆಟ್ಟ ವರ್ಷದ ಲೆಕ್ಕವನ್ನ ಮೊದಲೇ ಹಾಕಬೇಕು.

ಫೋನಿನಲ್ಲಿ "ನಿಮಗೆ ಫ್ರಾಂಚೈಸಿ ಮಂಜೂರಾಗ್ಯದ, ಇಂದೇ 50 ಸಾವಿರ ಹಾಕ್ರಿ" ಅಂತ ಬರೋ ಮೋಸಗಾರರು ಬ್ಯಾರೆ. ನಮ್ಮ ಸಂಬಂಧಿಕರೊಬ್ಬರು ಹಿಂಗೇ ಹೊಲ ಅಡ ಇಟ್ಟ ರೊಕ್ಕ ಕಳಕೊಂಡಾರ. ಕಂಪನಿಯ ಹೆಸರು ಟ್ರೇಡ್ ಮಾರ್ಕ್ ಆಗ್ಯದೋ ಇಲ್ಲೋ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ಅದಕ್ಕಿಂತ ಮೊದಲು ಬಸ್ ಹತ್ತಿ ಹೋಗಿ, ಆ ಕಂಪನಿಯ ಅಂಗಡಿ ನಡೆಸುವ ಮೂವರನ್ನ ಕಂಡು ಮಾತಾಡ್ರಿ. ಒಬ್ಬರಾದರೂ ಅಂಗಡಿ ಮುಚ್ಚಿದವರು ಇರಲಿ. ಖರೆ ಸುದ್ದಿ ಅವರ ಹತ್ತಿರ ಇರ್ತದ.

ಇನ್ನ ಸಂಗಾತಿಗಳ ಪ್ರಶ್ನೆಗೆ ಬರ್ತೀನಿ. "ಬಾಬಾಸಾಹೇಬರು 1938ರಲ್ಲಿ ಮನ್ಮಾಡದ ರೈಲ್ವೆ ಕಾರ್ಮಿಕರ ಸಭೆಯಲ್ಲಿ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರು ಅಂತ ಹೇಳ್ಯಾರ, ನೀವು ಕಂಪನಿ ಬೋರ್ಡು ಹೊರಸ್ತೀರಲ್ಲ?" ಅಂತ ಕೇಳ್ತೀರಿ. ಕೇಳಲೇಬೇಕಾದ ಪ್ರಶ್ನೆ. ನನ್ನ ಉತ್ತರ ಇಷ್ಟು. ಭೂಮಿಯ ಹೋರಾಟ ಬಿಡ್ರಿ ಅಂತ ನಾನು ಹೇಳ್ತಿಲ್ಲ. ಮೀಸಲಾತಿ, ಬ್ಯಾಕ್‌ಲಾಗ್ ಹುದ್ದೆ ಬಿಡ್ರಿ ಅಂತ ಹೇಳ್ತಿಲ್ಲ. ಆದ್ರ ನಾನು ಕೂತ ಕಚೇರಿಯಲ್ಲೇ ನೋಡ್ತಿದ್ದೀನಿ, ನಿವೃತ್ತಿಯಾದ ಜವಾನನ ಕುರ್ಚಿಗೆ ಬರೋದು ಹೊರಗುತ್ತಿಗೆಯವ. ನಮ್ಮ ತಲೆಮಾರಿಗೆ ಸಿಕ್ಕ ನೌಕರಿ ನಮ್ಮ ಮಕ್ಕಳಿಗೆ ಸಿಗ್ತದ ಅಂತ ಅವರಿಗೆ ಸುಳ್ಳು ಹೇಳಲಾರೆ. ಐದಡಿ ಅಂಗಡಿಯಲ್ಲಿ ತಾನೇ ಚಹಾ ಸೋಸುವವನು ಬಂಡವಾಳಶಾಹಿ ಅಲ್ಲ. ಒಂದು ಮಾತ್ರ ಖರೆ, ನಾಳೆ ಅವನಿಗೂ ಇಬ್ಬರು ಆಳು ಇರ್ತಾರ. ಅವರಿಗೆ ಕನಿಷ್ಠ ಕೂಲಿ ಕೊಡದಿದ್ದರ, ಆಗ ಅವನ ಅಂಗಡಿ ಮುಂದೂ ನಾನು ಧರಣಿ ಕೂಡ್ತೀನಿ.

ಕೊನೇದಾಗಿ ಒಂದು ಬೇಡಿಕೆ. ಎಲ್ಲಿ ತನಕ ಬೇರೆಯವರ ಹೆಸರು ಬಾಡಿಗೆಗೆ ತಗೊಳ್ಳೋದು? ನಮ್ಮ ಕೈಯಲ್ಲೇ ಒಂದು ಹೆಸರು ಅದ, ಲಿಡ್ಕರ್. ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮದ ಬ್ರ್ಯಾಂಡು. 2023ರಲ್ಲಿ ನಟ ಡಾಲಿ ಧನಂಜಯ ಅದರ ರಾಯಭಾರಿ ಆದರು. ಕೊಲ್ಹಾಪುರಿ ಚಪ್ಪಲಿಗೆ 2019ರ ಹೊತ್ತಿಗೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಲಿಡ್ಕರ್ ಹೆಸರಿನಲ್ಲೂ ಅದ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳು ಅದರೊಳಗ ಬರ್ತಾವ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ಥರದ ಚಪ್ಪಲಿ ತೋರಿಸಿ, ಮೂಲ ಯಾರದು ಅಂತ ಹೇಳದೆ ಬಿಟ್ಟಾಗ ಎಷ್ಟು ಗದ್ದಲ ಆತು ನೆನಪಿರಬೇಕು. ಅಥಣಿಯಲ್ಲಿ ಚರ್ಮ ಹದ ಮಾಡುವ ಕೈಗೆ ನೂರಾರು ರೂಪಾಯಿ, ಪ್ರಾಡಾ ಅನ್ನೋ ಹೆಸರಿಗೆ ಲಕ್ಷದ ಮಾತು. ಹೆಸರಿನ ಬೆಲೆ ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಕಲಿಸಲಾರರು.

ಹಂಗಿದ್ರ ಲಿಡ್ಕರ್ ನಿಗಮ ಪ್ರತಿ ತಾಲೂಕಿನಲ್ಲೂ ಚರ್ಮಕಾರ ಕುಟುಂಬದ ಓದಿದ ಮಕ್ಕಳಿಗೆ ಫ್ರಾಂಚೈಸಿ ಮಳಿಗೆ ಯಾಕ ಕೊಡಬಾರದು? ನಿಗಮಕ್ಕೂ ಲಾಭವೇ. ಹೊಸ ಮಳಿಗೆಗೆ ತಾನು ಬಾಡಿಗೆ-ಪಗಾರ ಕೊಡಬೇಕಾಗಿಲ್ಲ, ತನ್ನ ರೊಕ್ಕ ಹಾಕದೆ ಹೆಸರು ಹುಣಸಗಿ, ಸುರಪುರ, ಶಹಾಪುರದ ಬಜಾರಕ್ಕ ಬರ್ತದ. ಪಗಾರಕ್ಕ ಕೂತವನಿಗಿಂತ ಸ್ವಂತ ಅಂಗಡಿಯವ ಗಿರಾಕಿಯನ್ನ ಚಲೋ ನೋಡ್ಕೋತಾನ. ಶುಲ್ಕ, ಶುರುವಿನ ಮಾಲಿನ ಖರ್ಚನ್ನ ಎಸ್‌ಸಿಎಸ್‌ಪಿ ಹಣದಿಂದ ಭರಿಸಲಿ, ಆ ಹಣ ಇರೋದೇ ಅದಕ್ಕ. ಮುಟ್ಟಬಾರದು ಅಂದ ಚರ್ಮದ ಕೆಲಸದ್ದೇ ಬೋರ್ಡು ನಡು ಬಜಾರದಲ್ಲಿ ನಿಂತರ, ಅಲ್ಲಿ ಜಾತಿ ಮುಚ್ಚಿಡೋ ಪ್ರಶ್ನೆಯೇ ಇಲ್ಲ. ಅದು ನಮ್ಮದೇ ಹೆಸರು.

ಹುಡುಗನ ಅಪ್ಪನ ಮಾತು ತಪ್ಪಲ್ಲ. ನಮ್ಮ ಹೆಸರಲ್ಲೇ ಅಂಗಡಿ ಹಾಕೋ ದಿನ ಬರಬೇಕು. ಅವನಿಗೆ ನಾನು ಹೇಳಿದ್ದು ಇಷ್ಟು: "ಆ ಐದು ಶರತ್ತು ಬದಲಿಸಿದರ ತಗೋ. ಇಲ್ಲಾಂದ್ರ ಬಿಡು, ಬ್ಯಾರೆ ಕಂಪನಿ ನೋಡು. ತಗೊಂಡರ ಐದು ವರ್ಷ ಅವರ ಹೆಸರಲ್ಲಿ ದುಡಿ, ಲೆಕ್ಕ ಕಲಿ, ಮಾಲು ತರೋದು ಕಲಿ, ಬ್ಯಾಂಕಿನಲ್ಲಿ ಹೆಸರು ಗಳಿಸು. ಆಮ್ಯಾಲ ನಿನ್ನ ಹೆಸರಿನ ಬೋರ್ಡು ಬರೆಸು. ಮತ್ತ ಒಂದು ಮಾತು, ಯಾರಾದರೂ ಬಂದು ಅಂಗಡಿ ಯಾರದ್ದು ಅಂತ ಕೇಳಿದರ ಸುಳ್ಳು ಹೇಳಬ್ಯಾಡ. ಬಾಬಾಸಾಹೇಬರ ಫೋಟೋ ಗೋಡೆ ಮ್ಯಾಲ ಇರಲಿ."

ಅಗ್ರಿಮೆಂಟಿನಲ್ಲಿ ಗೋಡೆ ಮ್ಯಾಲ ಏನು ಹಾಕಬೇಕು ಅಂತಲೂ ಒಂದು ಶರತ್ತು ಅದ ಕಾಕಾ ಅಂದ. ಹಂಗಾದ್ರ ಬದಲಿಸಬೇಕಾದ ಶರತ್ತು ಆರು.

ಭಾನುವಾರ ಮುಂಜಾನೆ ನಾನು ಮನೆಯಲ್ಲೇ ಇರ್ತೀನಿ. ಅಗ್ರಿಮೆಂಟ್ ಓದಿಸೋದಿದ್ರ, ಅರ್ಜಿ ತುಂಬಿಸೋದಿದ್ರ ಬರ್ರಿ. ರೊಕ್ಕ ಬ್ಯಾಡ, ಚಹಾನೂ ನಾನೇ ಕುಡಿಸ್ತೀನಿ. ಸಹಿ ಮಾಡಿದ ಮ್ಯಾಲ ಬರಬ್ಯಾಡ್ರಿ, ಮೊದಲೇ ಬರ್ರಿ.

ನಿಮ್ಮೂರಲ್ಲಿ ಹಿಂಗ ಅಂಗಡಿ ಹಾಕಿ ನಿಂತವರು, ಹಾಕಿ ಸೋತವರು ಇದ್ದರ ಕೆಳಗೆ ಬರೀರಿ. ಸೋತವರ ಅನುಭವ ನಮಗೆ ಹೆಚ್ಚು ಬೇಕು.

ಜೈ ಭೀಮ್.